ಹಬೀಬುಲ್ಲಾನ ಡಿಜಿಟಲ್ ಕಿವಿ

"ಇನ್ಮೇಲೆ ಈ ಕಿವಿಗೆ ಕ್ಯಾಸೆಟ್ಟಿನ ಕೊರಕೊರ ಹರಾಮ್!"

ಆರ್.ಟಿ. ನಗರದ ಹಬೀಬುಲ್ಲಾ ಹೀಗೆ ಘೋಷಿಸಿದ್ದು ೧೯೮೮ರ ಒಂದು ಶುಕ್ರವಾರ, ನಮಾಜು ಮುಗಿಸಿ ಬಂದವನೇ. ದುಬೈಯಲ್ಲಿದ್ದ ಭಾವಮೈದುನ ಸಿ.ಡಿ. ಪ್ಲೇಯರ್ ಕಳಿಸಿದ್ದ, ಜೊತೆಗೆ ಉರ್ದು ಹಾಡುಗಳ ಒಂದು ಡಿಸ್ಕ್. ಇಡೀ ಬೀದಿಗೆ ಮೊದಲನೆಯದು! ಅದನ್ನು ಟೇಪ್ ರೆಕಾರ್ಡರಿನ ಪಕ್ಕದಲ್ಲೇ ಆಂಪ್ಲಿಫೈಯರಿಗೆ ಸಿಕ್ಕಿಸಿ, ಪಕ್ಕದ ಮನೆಯ ಆವಲಪ್ಪನವರನ್ನು ಕರೆದು ಸೋಫಾದ ನಟ್ಟನಡುವೆ ಕೂರಿಸಿದ.

"ಎಲ್ಲಾ ಒಂದೇ ಅಲ್ವಾ ಸಾಹೇಬ್ರೆ?" ಎಂದರು ಆವಲಪ್ಪ.

"ಒಂದೇನಾ? ಕ್ಯಾಸೆಟ್ಟಲ್ಲಿ ಹಾಡು ಬರತ್ತೆ. ಇದ್ರಲ್ಲಿ ಹಾಡೋರೇ ಬರ್ತಾರೆ!"

ಗೋಡೆಯ ಸ್ವಿಚ್ ಹಾಕಿ, ಡಿಸ್ಕನ್ನು ಬೆಣ್ಣೆಯಂತೆ ಎತ್ತಿ ಒಳಗಿಟ್ಟು, ಗುಂಡಿ ಒತ್ತಿದ. ತುಸು ಮೌನ. ಆಮೇಲೆ ಹೆಣ್ಣು ದನಿಯೊಂದು ಎದ್ದಿತು. ವಾದ್ಯವಿಲ್ಲ, ತಬಲಾ ಇಲ್ಲ. ಮದುಮಗಳನ್ನು ಕಳಿಸಿಕೊಡುವ ಹಾಡು. ಆವಲಪ್ಪನವರ ಬಿಸ್ಕತ್ತು ಬಾಯಿಯ ಹತ್ತಿರವೇ ನಿಂತಿತು. ಹಬೀಬುಲ್ಲಾನ ಮೈ ಜುಮ್ಮೆಂದಿತು.

"ಹಿಂದ್ಗಡೆ ಸುಯ್ ಅಂತೈತಲ್ಲ?"

"ಹಾಡೋರ ಉಸಿರು ಕಣ್ರೀ! ಉಸಿರೂ ಕೇಳತ್ತೆ!"

"ಕೋಳಿ ಕೂಗ್ದಂಗಾಯ್ತು?"

"ಅದೇ ಡಿಜಿಟಲ್! ಸ್ಟುಡಿಯೋ ಆಚೆಗಿರೋ ಕೋಳೀನೂ ಬಿಡಲ್ಲ!"

ಹಾಡು ಮೇಲಕ್ಕೇರಿತು. ಇಬ್ಬರ ಕಣ್ಣಲ್ಲೂ ನೀರು.

"ಯಾರು ಸಾಹೇಬ್ರೆ ಈ ಪುಣ್ಯಾತ್ಗಿತ್ತಿ?"

"ಬೊಂಬಾಯಿಯ ದೊಡ್ಡ ಗಾಯಕಿ ಇರ್ಬೇಕು. ಇಂಥ ದನಿ ನಾನು ಜನ್ಮದಲ್ಲೇ ಕೇಳಿಲ್ಲ!"

ಅಷ್ಟರಲ್ಲಿ ಚಹಾ ತಂದ ಹೆಂಡತಿ ಮುಸರ್ರತ್ ಬಾಗಿಲಲ್ಲೇ ನಿಂತಳು. ಮುಖ ಕೆಂಪಾಯಿತು.

"ಅಯ್ಯೋ, ಇದ್ಯಾಕೆ ಹಾಕಿದ್ರಿ? ನಮ್ಮ ತಂಗಿ ಮದುವೇಲಿ, ಕೋಗಿಲು ಊರಿನ ತವರುಮನೆ ಅಂಗಳದಲ್ಲಿ ನಾನು ಹಾಡಿದ ಕ್ಯಾಸೆಟ್ ಇದು! ಬೆಳಿಗ್ಗೆ ಕೇಳ್ತಿದ್ದಾಗ ಕರೆಂಟ್ ಹೋಯ್ತು, ಗೋಡೆ ಸ್ವಿಚ್ ಆರಿಸ್ದೆ, ಟೇಪಿನ ಗುಂಡಿ ಒತ್ತಿದ್ದು ಹಾಗೇ ಇದೆ. ಆಂಪ್ಲಿಫೈಯರಿನ ನಾಬನ್ನೂ ನೀವು ಟೇಪಿನ ಕಡೆಯಿಂದ ಸಿ.ಡಿ. ಕಡೆಗೆ ತಿರುಗಿಸೇ ಇಲ್ಲ!"

ದುಬೈ ಡಿಸ್ಕು ತನ್ನ ಪೆಟ್ಟಿಗೆಯೊಳಗೆ ಯಾರಿಗೂ ಕೇಳಿಸದೆ ಗರಗರ ಸುತ್ತುತ್ತಿತ್ತು.

ಆವಲಪ್ಪ ಎದ್ದು ನಿಂತು ಮುಸರ್ರತಳಿಗೆ ಕೈಮುಗಿದರು. ಹಬೀಬುಲ್ಲಾ ಮಾತ್ರ ಸ್ಪೀಕರನ್ನೊಮ್ಮೆ, ಹೆಂಡತಿಯನ್ನೊಮ್ಮೆ, ಹೊಸದಾಗಿ ನಿಕಾಹ್ ಆದವನಂತೆ ನೋಡುತ್ತಲೇ ಇದ್ದ.

"ಇಷ್ಟು ಚೆನ್ನಾಗಿ ಹಾಡ್ತೀಯಾ? ನಂಗ್ಯಾಕೆ ಹೇಳ್ಲೇ ಇಲ್ಲ?"

"ದಿನಾ ಅಡುಗೆಮನೇಲಿ ಹಾಡ್ತೀನಲ್ರೀ! ನಿಮ್ಮ ಸ್ಪೀಕರಿನ ಸೌಂಡ್ ಕೆಡತ್ತೆ ಅಂತ ನೀವೇ ಎದ್ದು ಬಂದು ಬಾಗಿಲು ಮುಚ್ಚಿಬಿಡ್ತೀರಿ!"