ಚೌರಪ್ಪನ ಹೋಟೆಲಿನಲ್ಲೊಂದು ಪಂಕ್ತಿ

ಹಲ್ಲುನೋವು ಬಂದರೆ ಲವಂಗ ಕಚ್ಚಿಕೊಂಡು ಸುಮ್ಮನೆ ಕೂರಬಹುದು. ಸಿಟ್ಟು ಬಂದರೆ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆಯಬಹುದು. ಆದರೆ ಸಂತೋಷ ಬಂದರೆ ಏನು ಮಾಡಬೇಕೆಂದು ನನಗೆ ಈ ವಯಸ್ಸಿನಲ್ಲೂ ಗೊತ್ತಾಗಿಲ್ಲ. ಅದು ಒಲೆಯ ಮೇಲಿಟ್ಟ ಹಾಲು. ನೋಡುನೋಡುತ್ತಲೇ ಉಕ್ಕಿ, ಒಲೆಯನ್ನೂ ಆರಿಸಿ, ಸುತ್ತ ಇದ್ದವರಿಗೆಲ್ಲ ಕೆಲಸ ಹಚ್ಚುತ್ತದೆ. ನನ್ನ ಮೊಮ್ಮಗಳು ನಾಗರತ್ನ ಎಸ್ಸೆಸ್ಸೆಲ್ಸಿ ಪಾಸಾದಾಗ ಹಾಗೇ ಆಯಿತು. ನಮ್ಮ ಮನೆತನದಲ್ಲಿ ಆ ಪರೀಕ್ಷೆಯ ಹತ್ತಿರ ಸುಳಿದವರೇ ಇಲ್ಲ. ನಾನಂತೂ ಕೂಲಿಮಠದಲ್ಲಿ ಮಗ್ಗಿ ಮುಗಿಯುವ ಮೊದಲೇ ಎಮ್ಮೆಗಳ ಹಿಂದೆ ಹೋದವನು. ಸುದ್ದಿಯನ್ನು ಹಾಲಿನವನಿಗೆ ಹೇಳಿದೆ, ಬಸ್ಸಿನ ಕಂಡಕ್ಟರಿಗೆ ಹೇಳಿದೆ. ಕ್ಷೌರದವನಿಗೆ ತಲೆ ಎತ್ತಿ ಹೇಳಲು ಹೋಗಿ ಕಿವಿಯ ಹತ್ತಿರ ಗಾಯ ಮಾಡಿಕೊಂಡೆ. ಸಾವಿನ ಮನೆಯಲ್ಲೂ ಹೇಳಿದೆನೆಂದು ನನ್ನ ಹೆಂಡತಿ ದೂರುತ್ತಾಳೆ. ಅದು ಸುಳ್ಳು. ಅದು ತಿಥಿಯ ಮನೆ.

"ಏನ್ ಬೇಕೋ ಕೇಳು ಮಗಾ, ಕೊಡಿಸ್ತೀನಿ" ಎಂದೆ. ಸೀರೆಯೋ ಜುಮುಕಿಯೋ ಕೇಳುತ್ತಾಳೆಂದುಕೊಂಡಿದ್ದರೆ, "ಚೌರಪ್ಪನ ಹೋಟ್ಲಲ್ಲಿ ಇಟಲಿಯವ್ರ ಊಟ ಮಾಡ್ಬೇಕು ತಾತ. ನೀನೂ ಬರ್ಬೇಕು" ಎಂದಳು.

ಈ ಚೌರಪ್ಪ ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿಗೆ ತಂದಿಟ್ಟಿದ್ದ ಇಟಲಿಯ ಸೆರೆಯಾಳುಗಳ ಕ್ಯಾಂಪಿನಲ್ಲಿ ಅಡಿಗೆ ಮಾಡುತ್ತಿದ್ದವನು. ಅವರಿಗೆ ಅನ್ನ ಸಾರು ಸೇರಲಿಲ್ಲವಂತೆ. ಅವರೇ ಒಲೆಯ ಮುಂದೆ ನಿಂತು ತಮ್ಮ ಅಡಿಗೆ ಮಾಡುವುದನ್ನು ಇವನಿಗೆ ಕಲಿಸಿದರಂತೆ. ಜಯನಗರ ಬೆಳೆಯುತ್ತಿದ್ದ ಹಾಗೆ ಒಂದು ಮನೆಯ ಮುಂದಿನ ಕೋಣೆ ಬಾಡಿಗೆಗೆ ಹಿಡಿದು, ನಾಲ್ಕು ಮೇಜು ಹಾಕಿ, ಕೆಂಪು ಚೌಕುಳಿ ಬಟ್ಟೆ ಹಾಸಿ ಹೋಟೆಲು ತೆರೆದಿದ್ದ. ಆ ಜಾಗದಲ್ಲಿ ಹಿಂದೆ ನಾನು ಟೊಮೇಟೊ ಬೆಳೆಯುತ್ತಿದ್ದೆ. ಈಗ ಅದೇ ಜಾಗದಲ್ಲಿ ಕೂತು ಬೇರೆಯವರು ಬೆಳೆದ ಟೊಮೇಟೊ ತಿನ್ನಬೇಕು. ಇರಲಿ.

"ಆದ್ರೆ ಒಂದು ಷರತ್ತು" ಎಂದಳು ನಾಗು. "ನಾನು ಪಾಸಾಗಿದ್ದನ್ನ ಅಲ್ಲಿ ಯಾರ ಹತ್ರಾನೂ ಹೇಳ್ಕೂಡ್ದು. ನಾಚ್ಕೆ ಆಗುತ್ತೆ ತಾತ. ಮೊನ್ನೆ ಆ ಕಂಡಕ್ಟ್ರು, 'ಪಾಸಾಗಿರೋ ಹುಡುಗಿ, ಮುಂದಕ್ಕೆ ಬಾಮ್ಮ' ಅಂದ. ಬಸ್ಸೆಲ್ಲ ತಿರುಗಿ ನೋಡ್ತು."

"ನಿನ್ನಾಣೆ, ಹೇಳಲ್ಲ."

"ನನ್ನಾಣೆ ಬೇಡ. ನಿನ್ನ ಮೀಸೆ ಆಣೆ ಇಡು."

ಮೀಸೆ ಮುಟ್ಟಿ ಆಣೆಯಿಟ್ಟೆ. ಹುಡುಗಿ ಓದಿದವಳು, ನನ್ನನ್ನು ಎಲ್ಲಿ ಕಟ್ಟಿಹಾಕಬೇಕೆಂದು ಅವಳಿಗೆ ಗೊತ್ತು.

ಸಂಜೆ ಹೋದೆವು. ಒಂದು ಮೇಜಿಗೆ ಟೈ ಕಟ್ಟಿದ ಬ್ಯಾಂಕಿನವರೊಬ್ಬರು, ಇನ್ನೊಂದಕ್ಕೆ ಹೊಸದಾಗಿ ಮದುವೆಯಾದ ಜೋಡಿ, ಮತ್ತೊಂದಕ್ಕೆ ಕಾಲೇಜಿನ ಇಬ್ಬರು ಹುಡುಗರು, ಉಳಿದದ್ದು ನಮಗೆ. ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಹಳ್ಳಿಯ ಮದುವೆಗಳಲ್ಲಿ ಊಟದ ಪಂಕ್ತಿಯ ಉಸ್ತುವಾರಿ ಮೊದಲಿನಿಂದಲೂ ನನ್ನದೇ. ಸಾಲಿನ ಕೊನೆಯ ಎಲೆಗೂ ಬಡಿಸಿದ್ದಾರೆಯೇ ಎಂದು ನೋಡಿ, ನಾನು "ಹೂಂ, ಕೈ ಹಾಕಿ" ಎಂದ ಮೇಲೆಯೇ ಎಲ್ಲರೂ ತುತ್ತು ಎತ್ತಬೇಕು. ಸಾಲಿನ ಹಿರಿಯರು ಏಳುವ ತನಕ ಯಾರೂ ಏಳುವ ಹಾಗಿಲ್ಲ. ಬಾಯಿಗೆ ಬೀಗ ಬಿದ್ದಿತ್ತಲ್ಲ, ಕಣ್ಣು ತನ್ನಷ್ಟಕ್ಕೆ ಹಳೇ ಕೆಲಸಕ್ಕೆ ಹೊರಟಿತು.

ಚೌರಪ್ಪ ಬ್ಯಾಂಕಿನವರ ಮುಂದೆ ತಟ್ಟೆ ತಂದಿಟ್ಟ. ಶಾವಿಗೆಗೆ ಅಣ್ಣನಂಥ ಉದ್ದನೆಯ ಎಳೆಗಳು, ಮೇಲೆ ಕೆಂಪಗೆ ಟೊಮೇಟೊ ಗೊಜ್ಜು. ಅವರು ಮುಳ್ಳು ಚಮಚ ಎತ್ತಿದರು.

"ತಡೀರಿ ಸ್ವಾಮಿ" ಎಂದೆ, "ಇನ್ನೂ ಈ ಕಡೆ ಬಡಿಸಿಲ್ಲ."

ಅವರು ನನ್ನನ್ನು ನೋಡಿದರು, ನನ್ನ ರುಮಾಲು ನೋಡಿದರು, ಚಮಚ ಕೆಳಗಿಟ್ಟರು. ಒಳ್ಳೆಯ ಮನೆಯಲ್ಲಿ ಬೆಳೆದವರು. ನಾಗು ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದಳು. ಚೌರಪ್ಪನಿಗೆ ಇದ್ದದ್ದು ಒಂದೇ ಒಲೆ. ಜೋಡಿಗೆ ತಂದಿಟ್ಟ, ಅವರೂ ಕಾದರು. ಹುಡುಗರಿಗೆ ತಂದಿಟ್ಟ. ಒಬ್ಬ ಕದ್ದು ಒಂದು ಎಳೆ ಎಳೆದುಕೊಳ್ಳಲು ಹೋದಾಗ ಬ್ಯಾಂಕಿನವರೇ, "ಏಯ್, ಇರಪ್ಪ, ಯಜಮಾನ್ರು ಹೇಳ್ಲಿ" ಎಂದು ಗದರಿದರು. ಕಡೆಗೆ ನಮ್ಮ ತಟ್ಟೆ ಬರುವ ಹೊತ್ತಿಗೆ ಎಲ್ಲರ ತಟ್ಟೆಯ ಎಳೆಗಳೂ ತಣ್ಣಗಾಗಿ, ನಾಗುವಿನ ಮುಖ ಮಾತ್ರ ಬಿಸಿಯಾಗಿತ್ತು.

"ಅದ್ಸರಿ, ಏನ್ ಸಮಾರಂಭ ಯಜಮಾನ್ರೇ ಇವತ್ತು?" ಎಂದರು ಬ್ಯಾಂಕಿನವರು.

ಎಲ್ಲರೂ ನನ್ನ ಕಡೆ ತಿರುಗಿದರು. ಒಂದು ಊರೇ ಕಿವಿಗೊಟ್ಟು ಕೂತ ಹಾಗಿತ್ತು. ಹೇಳಿದರೆ ಮೀಸೆ ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ಅವಳು ಬಯಸಿ ಕೇಳಿದ ಒಂದೇ ಒಂದು ಸಂಜೆ ಹಾಳಾಗುತ್ತದೆ. ಅದಾಗಲೇ ಮುಕ್ಕಾಲು ಹಾಳು ಮಾಡಿದ್ದೆ. ಮೀಸೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು, "ಏನಿಲ್ಲ ಸ್ವಾಮಿ... ಹಂಗೇ... ಹೊಟ್ಟೆ ಹಸಿದಿತ್ತು" ಎಂದೆ. ಇಷ್ಟು ಹೇಳುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಹೊಟ್ಟೆ ಹಸಿದದ್ದಕ್ಕೆ ಯಾರಾದರೂ ಹಾಗೆ ಅಳುತ್ತಾರೆಯೇ? ಆ ಹೊಸ ಹೆಂಡತಿ "ಅಯ್ಯೋ ಪಾಪ" ಎಂದು ತನ್ನ ತಟ್ಟೆಯನ್ನು ನನಗೆ ತಂದುಕೊಡಲು ಎದ್ದಳು.

ನಾಗು ನನ್ನ ಕೈಯನ್ನು ನೋಡಿದಳು, ಮೀಸೆಯನ್ನು ನೋಡಿದಳು. ತಡೆಯಲಾರದೆ ಪಕ್ಕನೆ ನಕ್ಕಳು. ಎದ್ದು ನಿಂತು, "ನಾನು ಎಸ್ಸೆಸ್ಸೆಲ್ಸಿ ಪಾಸಾಗಿದೀನಿ ಸಾರ್. ಅದ್ಕೇ ತಾತ ಊಟ ಹಾಕಿಸ್ತಿದಾರೆ" ಎಂದಳು.

ಚಪ್ಪಾಳೆ ಬಿತ್ತು. ನಾನು ಎದೆ ತುಂಬ ಉಸಿರೆಳೆದು, "ಹೂಂ, ಕೈ ಹಾಕಿ" ಎಂದೆ.

ಮುಂದಿನದು ಸ್ವಲ್ಪ ಉದ್ದವಾಯಿತು. ಆ ಎಳೆಗಳಿಗೆ ತುದಿಯೂ ಇಲ್ಲ ಮೊದಲೂ ಇಲ್ಲ. ಚಮಚ ಬಿಟ್ಟು ಕೈ ಹಾಕಿದೆ. ಆಣೆಯಿಂದ ಉಳಿದ ಮೀಸೆ ಗೊಜ್ಜಿನಲ್ಲಿ ಮುಳುಗಿತು. ಎಲ್ಲರೂ ಉಂಡು ಮುಗಿಸಿ ಕೂತಿದ್ದರು. ಯಾರೂ ಏಳಲಿಲ್ಲ, ಸಾಲಿನ ಹಿರಿಯ ನಾನಲ್ಲವೇ? ಹೊಸ ಗಂಡ ಗಡಿಯಾರ ನೋಡಿಕೊಂಡು, "ತಾತ, ನಾವು ಏಳ್ಬೋದಾ? ಸಿನಿಮಾಕ್ಕೆ ಹೊತ್ತಾಯ್ತು" ಎಂದ.

"ಕೂತ್ಕೊಳ್ಳಪ್ಪ, ಮಜ್ಜಿಗೆ ಬರ್ಲಿ."

ಇಟಲಿಯವರ ಊಟದಲ್ಲಿ ಮಜ್ಜಿಗೆ ಇಲ್ಲವೆಂದು ಹೇಳಲು ಬಾಯಿ ತೆರೆದ ಚೌರಪ್ಪ, ಹಾಗೇ ಮುಚ್ಚಿಕೊಂಡು, ಚೊಂಬು ಹಿಡಿದು ಪಕ್ಕದ ಮನೆಗೆ ನಡೆದ.

ಈಗ ನಾಗು ಪಿಯುಸಿ ಪರೀಕ್ಷೆ ಬರೆದು ಕೂತಿದ್ದಾಳೆ. ಮೊನ್ನೆ ಚೌರಪ್ಪ ಮಾರ್ಕೆಟ್ಟಿನಲ್ಲಿ ಸಿಕ್ಕಿ ಕೈ ಮುಗಿದ. "ಯಜಮಾನ್ರೇ, ರಿಸಲ್ಟು ಯಾವತ್ತು ಅಂತ ಮೊದ್ಲೇ ಹೇಳ್ಬಿಡಿ. ಆವತ್ತು ಬಾಗ್ಲು ಹಾಕ್ಕೋತೀನಿ."

"ಹಾಕ್ಕೊಳಪ್ಪ" ಎಂದೆ, "ನಾವೆಲ್ಲ ಒಳಗೆ ಬಂದು ಕೂತ್ಮೇಲೆ ಹಾಕ್ಕೋ. ಊಟದ ಮಧ್ಯೆ ಯಾರೂ ಎದ್ದು ಹೋಗ್ಬಾರ್ದು."