ಕೀಚಕನಾಗಲು ಯಾರೂ ಒಲ್ಲರು

ಹಾನಗಲ್ಲಿನ ಚಿತ್ರಕಾರ ಚನ್ನೇಶನಿಗೆ ತುರ್ತಾಗಿ ಕೀಚಕನ ಮುಖವೊಂದು ಬೇಕಾಗಿತ್ತು. ಸಾವುಕಾರ ಶಿವಯೋಗೆಪ್ಪನ ಹೊಸ ಕಲ್ಯಾಣಮಂಟಪದ ಗೋಡೆಗೆ ವಿರಾಟನ ಅರಮನೆ ಬರೆಯುತ್ತಿದ್ದ. ಪಾಂಡವರು ಅಡಗಿದ್ದ ವಿರಾಟನಗರ ನಮ್ಮೂರೇ ಅಂದಮೇಲೆ ಬೇರೇನು ಬರೆದಾನು? ಪುರಾಣದ ಮೈಗೆ ಪರಿಚಯದವರ ಮುಖ ಕೂರಿಸುವುದು ಅವನ ಕೈಚಳಕ. ವಿರಾಟನಿಗೆ ಸಾವುಕಾರನ ಮುಖ, ದ್ರೌಪದಿಗೆ ಹೆಂಡತಿ ತನುಜಾಳ ಮುಖ ಕೊಟ್ಟಾಗಿತ್ತು. ಜಗಳಾಡಿ ಹಂಸಭಾವಿಯ ತವರಿಗೆ ಹೋಗಿದ್ದ ತನುಜಾ ಅವತ್ತೇ ಬರುವವಳಿದ್ದಳು. ಚಿತ್ರ ನೋಡಿ ಅವಳ ಸಿಟ್ಟು ಇಳಿಯಬೇಕು, ಮನೆಯಲ್ಲಿ ಮತ್ತೆ ಒಲೆ ಹೊತ್ತಬೇಕು. ಪಾಪ, ಅವನ ಆಸೆ ಅಷ್ಟೇ.

ದ್ರೌಪದಿಯ ಸೆರಗು ಹಿಡಿದ ಕೀಚಕನಿಗೆ ದಪ್ಪ ಮೀಸೆ ಬರೆದನೋ ಇಲ್ಲವೋ, ಪಕ್ಕದ ಪಂಕ್ಚರ್ ಅಂಗಡಿಯ ಮುಜಾಫರ ಬಂದು ನಿಂತ.

“ಏನ ಚನ್ನೇಶಣ್ಣ, ಆ ಹಲ್ಕಟ್ ಮನಶಾಗ ನನ್ನ ಮೀಸಿನ ಬೇಕಾಗಿತ್ತೇನ? ನಮ್ಮ ಮನ್ಯಾಕಿ ನೋಡಿದ್ರ ನನ್ನ ಗತಿ ಏನ?”

ಚನ್ನೇಶ ಮೀಸೆ ಅಳಿಸಿದ. ಆ ಬೋಳು ಮೂತಿ ಕಂಡು ಸಾವುಕಾರನ ಹೆಂಡತಿ ಸರೋಜವ್ವ ಹೌಹಾರಿದಳು.

“ಅಯ್ಯ ನಮ್ಮಪ್ಪಾ! ಥೇಟ ನಮ್ಮ ತಮ್ಮ! ವಿರಾಟರಾಜ ನಮ್ಮ ಯಜಮಾನ್ರು, ಅವನ ಹೇಂತಿ ತಮ್ಮ ಕೀಚಕ. ಬೇಕಂತನ ಬರದೀಯಲ್ಲೋ!”

“ಇಲ್ರೀ ಅವ್ವಾರ, ದೇವರಾಣಿ!”

“ಇರ್ಲಿ ಬಿಡು, ಚಲೋ ಬಂದೈತಿ,” ಎಂದ ಶಿವಯೋಗೆಪ್ಪ, ಹೆಂಡತಿಯ ಕಣ್ಣು ನೋಡಿ ತಟ್ಟನೆ ಕೆಮ್ಮಿದ. “ಅಳಸೋ, ಅಳಸೋ!”

ಮಂದಿಯ ಉಸಾಬರಿಯೇ ಬೇಡವೆಂದು ಚನ್ನೇಶ ಕನ್ನಡಿ ಹಿಡಿದು ತನ್ನ ಮುಖವನ್ನೇ ಕೀಚಕನಿಗೆ ಬರೆದ. ತಕರಾರು ತೆಗೆಯುವವರು ಇನ್ಯಾರು? ಎಲ್ಲರೂ ಭೇಷ್ ಅಂದರು. ಸರೋಜವ್ವ ಖುಷಿಯಿಂದ ಮಿರ್ಚಿ ಮಂಡಕ್ಕಿ ತರಿಸಿದಳು.

ಅಷ್ಟರಲ್ಲಿ ತನುಜಾ ಬಸ್ಸಿಳಿದು ಬಂದಳು, ಜೊತೆಗೆ ಅವಳ ಅವ್ವ. ಅತ್ತೆ ಬಾಗಿಲಲ್ಲೇ ಶುರುಮಾಡಿದರು.

“ತಪ್ಪಾತ್ರಿ ಅಳಿಯಂದ್ರ. ನೀವು ಕಾಡತೀರಂತ ಈಕಿ ಹೇಳಿದ್ಲು, ನಾವ್ಯಾರೂ ನಂಬಲಿಲ್ಲ. ಇಂಥಾ ದೇವರಂಥಾ ಗಂಡನ ಮ್ಯಾಲೆ ಸುಳ್ಳ ಹೇಳ್ತೀಯೇನಂತ ಬೈದು ಕರ್ಕೊಂಡ ಬಂದೇನಿ.”

ಚನ್ನೇಶ ಹಿಗ್ಗಿ ಹೀರೇಕಾಯಿಯಾದ. “ಇರ್ಲಿ ಬಿಡ್ರಿ ಅತ್ತಿಯಾರ. ಮೊದ್ಲ ಚಿತ್ರ ನೋಡ್ರಿ.”

ತನುಜಾ ಗೋಡೆಯ ಮೇಲೆ ತನ್ನನ್ನು ಕಂಡು ನಾಚಿ ನಕ್ಕಳು. ಅತ್ತೆಯ ಕಣ್ಣು ಮಾತ್ರ ಮಗಳ ಮುಖದಿಂದ ಸೆರಗಿಗೆ ಇಳಿಯಿತು, ಸೆರಗಿನಿಂದ ಅದನ್ನೆಳೆಯುವ ಕೈಗೆ ಹೋಯಿತು, ಕೈಯಿಂದ ಮೆಲ್ಲಗೆ ಅಳಿಯನ ಮುಖಕ್ಕೆ ಏರಿತು. ಅವರು ಮಗಳ ರಟ್ಟೆ ಹಿಡಿದರು.

“ನಡಿಯವ್ವಾ, ಬಸ್ಸು ಇನ್ನೂ ಹೋಗಿಲ್ಲ. ನೀ ಹೇಳಿದ್ದೆಲ್ಲಾ ಖರೇನ ಐತಿ. ಮಾಡೋದಲ್ದ, ಊರ ಮಂದಿ ನೋಡ್ಲಂತ ಗ್ವಾಡಿ ಮ್ಯಾಲೂ ಬರದಾನ!”