ನನ್ನ ಫೋಟೋಗಳ ಅಭಿಮಾನಿಗಳು

ಮೊಬೈಲಿನಲ್ಲಿ ಫೋಟೋ ಹಾಕುವವರಿಗೆ ನೆಮ್ಮದಿ ಎಂಬುದಿಲ್ಲ. ಯಾರಾದರೂ ನೋಡಿದರೇ ಎಂಬ ಚಿಂತೆ, ನೋಡಿದರೆ ಸರಿಯಾಗಿ ನೋಡಿದರೇ ಎಂಬ ಚಿಂತೆ. ಲೈಕನ್ನು ಯಾರು ಬೇಕಾದರೂ ಒತ್ತಿಬಿಡುತ್ತಾರೆ. ನನ್ನದೊಂದು ಫೋಟೋವನ್ನು ಗಮನವಿಟ್ಟು ನೋಡಿ ನಾಲ್ಕು ಮಾತು ಬರೆಯುವ ಒಬ್ಬ ಮನುಷ್ಯ ಸಿಗಬೇಕು, ಅದು ನನ್ನ ಆಸೆ. ಆ ಆಸೆಯಿಂದ ಆದ ಫಜೀತಿಗಳು ಒಂದೆರಡಲ್ಲ.

ಮೊದಲ ಲೈಕು

ಬೆಂಗ್ರೆಯ ಮನೆಯಿಂದ ಕೆಲಸಕ್ಕೆ ಹೊರಟವನು ಫೆರಿ ದೋಣಿಯಲ್ಲಿ ನಿಂತು ನದಿಯ ಫೋಟೋ ತೆಗೆದು ಹಾಕಿದೆ. ಮಧ್ಯಾಹ್ನದವರೆಗೂ ಒಂದು ಲೈಕಿಲ್ಲ. ನೆಟ್ ಕೈಕೊಟ್ಟಿರಬೇಕೆಂದು ಫೋನನ್ನು ಎರಡು ಸಲ ಆಫ್ ಮಾಡಿ ಆನ್ ಮಾಡಿದೆ. ಊಟದ ಹೊತ್ತಿಗೆ ಒಂದು ಬಂತು, ಹೆಂಡತಿಯದು! ಖುಷಿ ತಡೆಯಲಾರದೆ ಫೋನ್ ಮಾಡಿದೆ.

"ಚಂದ ಉಂಟಲ್ವಾ?"

"ಎಂತದ್ದು?"

"ನದಿಯ ಫೋಟೋ. ಲೈಕ್ ಒತ್ತಿದ್ದೀಯಲ್ಲ."

"ಅದಾ? ಮೀನು ತೊಳೀತಾ ಇದ್ದೆ ಮಾರಾಯ್ರೆ, ಫೋನ್ ಒರೆಸುವಾಗ ಬೆರಳು ತಾಗಿರ್ಬೇಕು. ತೆಗೀಬೇಕಾ?"

ದುಬೈಯ ಮೆಚ್ಚುಗೆ

ಪಂಪ್‌ವೆಲ್‌ನ ಸರ್ಕಲ್ ಬಳಿಯ ಪಾತ್ರೆ ಅಂಗಡಿಯಲ್ಲಿ ನನ್ನ ಕೆಲಸ. ಧಣಿಗಳು ಬ್ಯಾರಿ ಮುಸ್ಲಿಮರು, ಪಾಲುದಾರರಾದ ಅವರ ಅಣ್ಣ ದುಬೈಯಲ್ಲಿದ್ದಾರೆ. ಒಂದು ದಿನ ಕಪಾಟಿನ ಮೇಲೆ ಬಿಸಿಲು ಬಿದ್ದ ಚಂದ ನೋಡಿ ಫೋಟೋ ಹಾಕಿದೆ. ಕೂಡಲೇ ದುಬೈಯಿಂದ ಮೆಸೇಜು: "ನಿನ್ನ ಫೋಟೋ ದೊಡ್ಡದು ಮಾಡಿ ಹತ್ತು ಸಲ ನೋಡಿದೆ." ನಾನು ಉಬ್ಬಿಹೋದೆ.

ಎರಡನೆಯ ಮೆಸೇಜು: "ಮೂರನೇ ಸಾಲಿನ ಕುಕ್ಕರ್ ಹೋದ ವರ್ಷ ನಾನು ಬಂದಾಗಲೂ ಅಲ್ಲೇ ಇತ್ತು. ಧೂಳು ಒರೆಸುವವ ರಜೆಯಲ್ಲಿದ್ದಾನಾ?"

ಒರೆಸುವವ ನಾನೇ.

ಗುಡ್ಡ ಕಾಣುವ ಫೋಟೋ

ನನ್ನ ಸೋದರಮಾವನದು ಸಣ್ಣ ದೋಣಿ. ತಿಂಗಳುಗಟ್ಟಲೆ ಬರಿಗೈಯಲ್ಲಿ ಬಂದವರಿಗೆ ಆ ವಾರ ಕಡಲಿನ ಒಂದೇ ಜಾಗದಲ್ಲಿ ಬಲೆ ತುಂಬ ಬಂಗುಡೆ ಮೀನು. ಜಾಗ ಯಾವುದೆಂದು ಅತ್ತೆಗೂ ಹೇಳಿರಲಿಲ್ಲ. ಕಾಡಿ ಬೇಡಿ ಭಾನುವಾರ ನಾನೂ ಹೋದೆ. ದಡದ ಗುಡ್ಡ, ಫ್ಯಾಕ್ಟರಿ ಚಿಮಣಿಯ ಗುರುತು ನೋಡಿ ಮಾವ ದೋಣಿ ನಿಲ್ಲಿಸಿದರು.

"ಜಾಗದ ವಿಷಯ ಯಾರತ್ರವೂ ಬಾಯಿ ಬಿಡ್ಬೇಡ," ಎಂದರು ಮಾವ.

ನಾನು ಬಾಯಿ ಬಿಡಲಿಲ್ಲ. ಫೋಟೋ ಹಾಕಿದೆ, ಅಷ್ಟೇ.

ಸಂಜೆ ಅಪರಿಚಿತನೊಬ್ಬನ ಕಮೆಂಟು: "ಎಂತಾ ಬೆಳಕು ಸಾರ್! ಹಿಂದೆ ಕಾಣುವ ಗುಡ್ಡ ಯಾವುದು? ಚಿಮಣಿ ಅದರ ಎಡಕ್ಕಾ, ಬಲಕ್ಕಾ?"

ನನ್ನ ಕಣ್ಣು ತುಂಬಿ ಬಂತು. ಅಂತೂ ಒಬ್ಬ ಸಿಕ್ಕಿದ! ಯಾವ ಗುಡ್ಡ, ಕಾಟಿಪಳ್ಳದ ಕಡೆಯ ಚಿಮಣಿ ಎಲ್ಲಿ ಕಾಣುತ್ತದೆ, ದಡದಿಂದ ಎಷ್ಟು ದೂರ, ಎಷ್ಟು ಗಂಟೆಗೆ ತೆಗೆದದ್ದು, ಎಲ್ಲವನ್ನೂ ವಿವರವಾಗಿ ಬರೆದೆ. ಗುಡ್ಡ ಸ್ಪಷ್ಟವಾಗಿರುವ ಇನ್ನೊಂದು ಫೋಟೋವನ್ನೂ ಕಳಿಸಿದೆ.

ಅವನಿಗಾಗಿ ಮತ್ತಷ್ಟು ತೆಗೆಯೋಣವೆಂದು ಸೋಮವಾರ ರಜೆ ಹಾಕಿ ಪುನಃ ದೋಣಿ ಹತ್ತಿದೆ. ಜಾಗ ತಲುಪುವಾಗ ಅಲ್ಲಿ ಮೂವತ್ತು ದೋಣಿ! ಮಾವನ ಮುಖ ಕಪ್ಪಿಟ್ಟಿತು.

"ಇವರಿಗೆಲ್ಲ ಹೇಳಿದ್ದು ಯಾರು ಮಾರಾಯ?"

ನನಗೆ ಅರ್ಥವಾಯಿತು. ಫೋನನ್ನು ಮೆಲ್ಲನೆ ಜೇಬಿಗಿಳಿಸಿ, ಕಡಲು ನೋಡುವವನಂತೆ ಆ ಕಡೆ ತಿರುಗಿದೆ. ಆ ಕಡೆಯ ದೋಣಿಯಲ್ಲಿದ್ದವನು ಪ್ರೊಫೈಲಿನಲ್ಲಿ ನೋಡಿದ್ದ ನನ್ನ ಮುಖದ ಗುರುತು ಹಿಡಿದು, ಎಳೆಯುತ್ತಿದ್ದ ಬಲೆಯನ್ನೂ ಬಿಟ್ಟು ಎರಡೂ ಕೈ ಎತ್ತಿ ಕೂಗಿದ:

"ಸಾರ್! ನಿಮ್ಮ ಫೋಟೋ ಬಂದರು ದಕ್ಕೆಯಲ್ಲಿ ಎಲ್ಲರೂ ನೋಡಿದ್ದಾರೆ! ಇನ್ನೊಂದು ಯಾವಾಗ ಹಾಕ್ತೀರಿ?"